ಕಾಶಪ್ಪನ ಮನೆ ಕಡೆಗೆ ಬೀಸುವ ಗಾಳಿ

19 ಜನವರಿ 2023, ಗುರುವಾರ

ಭುವನೇಶ್ವರಿ ಹೋಗಿ ಇವತ್ತಿಗೆ ಎರಡು ತಿಂಗಳು. ಮಗಳು ಐಶ್ವರ್ಯ ಬಾಗಲಕೋಟೆಯಿಂದ ಬರುವಾಗ ಈ ಡೈರಿ ತಂದುಕೊಟ್ಟಳು. "ಅಪ್ಪಾ, ಒಬ್ಬಾಂವ ಕುಂತು ಗೋಡಿ ಕೂಡ ಮಾತಾಡೂದಕಿಂತ ಇದರಾಗ ಬರಿ" ಎಂದಳು. ಗೋಡೆಯ ಜೊತೆ ಮಾತಾಡುವಷ್ಟು ತಲೆ ಕೆಟ್ಟಿಲ್ಲ. ನಾನು ಮಾತಾಡುವುದು ಬದುವಿನ ಆಚೆಗಿರುವ ಕಾಶಪ್ಪನ ಜೊತೆ, ಅವನಿಗೆ ಕೇಳಿಸದ ಹಾಗೆ.

ಬರೆಯುವುದಾದರೆ ಮೊದಲು ಆ ದಿನದ್ದು ಬರೆಯಬೇಕು. ಹೊಲದ ಮೂಡಲ ಮೂಲೆಯಲ್ಲಿ ತನ್ನನ್ನು ಮಣ್ಣು ಮಾಡಬೇಕೆಂದು ಭುವನೇಶ್ವರಿ ಮೊದಲೇ ಹೇಳಿದ್ದಳು. ಕುಣಿ ತೋಡಿ ಆಗಿತ್ತು. ವಿಭೂತಿ ಗಟ್ಟಿ, ಬಿಲ್ವಪತ್ರಿ ಎಲ್ಲ ಬಂದಿದ್ದವು. ಅವಳನ್ನು ಕೂರಿಸಿದ್ದ ಹೂವಿನ ವಿಮಾನ ಟ್ರ್ಯಾಕ್ಟರಿನಿಂದ ಇಳಿಯಬೇಕು, ಅಷ್ಟರಲ್ಲಿ ಕಾಶಪ್ಪ ಕೈಯಲ್ಲಿ ನಕಾಶೆ ಹಿಡಿದು ಬಂದ. ನನ್ನ ದೊಡ್ಡಪ್ಪನ ಮಗ, ನನಗಿಂತ ಮೂರು ವರ್ಷ ದೊಡ್ಡವನು. "ನೀಲ್ಯಾ, ಈ ಜಾಗ ನನ್ನ ಸರ್ವೇ ನಂಬರಿನಾಗ ಬರ್ತೈತಿ. ಇಲ್ಲಿ ಮಣ್ಣ ಮಾಡಬ್ಯಾಡ" ಎಂದ. ಇನ್ನೂರು ಜನರ ಎದುರಿಗೆ.

ಒಂದೂವರೆ ತಾಸು ವಾದ ನಡೆಯಿತು. ಒಂದೂವರೆ ತಾಸು ಅವಳು ಬಿಸಿಲಿನಲ್ಲಿ ಕೂತಿದ್ದಳು. ಯಾರೋ ಕೊಡೆ ಹಿಡಿದರು. ಕೊನೆಗೆ ಕುಣಿ ಮುಚ್ಚಿ ಊರ ರುದ್ರಭೂಮಿಗೆ ಒಯ್ದೆವು.

ಆಮೇಲೆ ಅಳತೆ ಮಾಡಿಸಿದೆ. ಆರು ಫೂಟು ಅವನ ಕಡೆಗೇ ಇತ್ತು. ನಕಾಶೆ ಖರೆ. ಅದರಿಂದ ನನ್ನ ಸಿಟ್ಟು ಒಂದು ಗುಂಜಿಯಷ್ಟೂ ಕಡಿಮೆಯಾಗಿಲ್ಲ. ಇದೇ ಕಾಶಪ್ಪ ಕುಡಿದು ಬಿದ್ದಾಗ ಬಾಯಿಗೆ ಮಜ್ಜಿಗೆ ಹಾಕಿದವಳು ಅವಳು. ಇಪ್ಪತ್ತು ವರ್ಷದ ಹಿಂದೆ ಇವನನ್ನು ಮಠಕ್ಕೆ ಎಳೆದುಕೊಂಡು ಹೋಗಿ ಅಲ್ಲಿಯ ಸ್ವಾಮಿಗಳಾದ ಅಜ್ಜಾರ ಪಾದ ಮುಟ್ಟಿಸಿ ಕುಡಿತ ಬಿಡಿಸಿದವಳೂ ಅವಳೇ. ಈಗ ಇವನು ಮಠದ ವ್ಯಸನಮುಕ್ತಿ ಸಮಿತಿಯ ಅಧ್ಯಕ್ಷ. ಮಂದಿಗೆ ಆಣೆ ಮಾಡಿಸುತ್ತಾನೆ.

ಬಿ.ಎ.ದಲ್ಲಿ ಫ್ಯೂಚರ್ ಪರ್ಫೆಕ್ಟ್ ಟೆನ್ಸ್ ಅಂತ ಒಂದು ಕಲಿಸಿದ್ದರು. ಐ ಶಲ್ ಹ್ಯಾವ್ ಫಿನಿಶ್ಡ್. ಮಾಡಿ ಮುಗಿಸಿರುತ್ತೇನೆ ಅಂತ. ಅದು ಯಾತಕ್ಕೆ ಬೇಕು ಅಂತ ಆಗ ತಿಳಿದಿರಲಿಲ್ಲ.

5 ಫೆಬ್ರವರಿ 2023, ರವಿವಾರ

ಹಾದಿ ಸಿಕ್ಕಿತು. ಸಿಕ್ಕಿದ್ದು ಐಶ್ವರ್ಯಳ ಬಾಯಿಂದ, ಅವಳಿಗೆ ಗೊತ್ತಿಲ್ಲ.

ತೋಟಗಾರಿಕೆ ಓದಿದ ಹುಡುಗಿ, ಇಲಾಖೆಯಲ್ಲಿ ನೌಕರಿ. ಎರಡೆಕರೆ ದ್ರಾಕ್ಷಿ ಹಚ್ಚೋಣ ಅಂತ ಅವ್ವ ಇದ್ದಾಗಿನಿಂದಲೂ ಗಂಟು ಬಿದ್ದಿದ್ದಳು. ಇವತ್ತು ಮತ್ತೆ ತೆಗೆದಳು. "ಒಣದ್ರಾಕ್ಷಿ ಮಾಡೂಣು, ಅಪ್ಪಾ. ಇಲ್ಲೆಲ್ಲಾ ಅದನ್ನ ಮಾಡ್ತಾರ."

"ಒಣದ್ರಾಕ್ಷಿ ಬ್ಯಾಡ. ವೈನ್ ಮಾಡೂಣು."

ಅವಳ ಕೈಯ ಚಹಾ ಅಲ್ಲೇ ನಿಂತಿತು. "ಕೊರಳಾಗ ಲಿಂಗ ಕಟ್ಟಿಕೊಂಡು ವೈನ್ ಮಾಡ್ತಿಯಾ?"

"ಮಾಡೂದು ಬ್ಯಾರೆ, ಕುಡಿಯೂದು ಬ್ಯಾರೆ. ಮೂವತ್ತೊಂದು ವರ್ಷ ಹುನಗುಂದ ಡಿಪೋದಾಗ ಸೀಟಿ ಊದಿ ಬಸ್ಸ ಬಿಟ್ಟೇನಿ. ಒಂದ ದಿನ ಸ್ಟೇರಿಂಗ್ ಮುಟ್ಟಿಲ್ಲ."

ಅವಳಿಗೆ ಒಳಗೊಳಗೆ ಖುಷಿಯಾದದ್ದು ಕಂಡಿತು. ಕಾಲೇಜಿನಲ್ಲಿದ್ದಾಗ ಎಲ್ಲೋ ಮೂರು ವಾರ ವೈನ್ ತರಬೇತಿಗೆ ಹೋಗಿ ಬಂದವಳು. ಒಂದು ಶರತ್ತು ಹಾಕಿದೆ: ಈ ಮನೆಯವರು ಯಾರೂ ಒಂದು ಹನಿಯನ್ನೂ ನಾಲಿಗೆಗೆ ಮುಟ್ಟಿಸಕೂಡದು. ಎಲ್ಲ ಮೀಟರಿನ ಮೇಲೆ. ಥರ್ಮಾಮೀಟರು, ಸಕ್ಕರೆ ಅಳೆಯುವುದು, ಹುಳಿ ಅಳೆಯುವುದು, ಏನು ಬೇಕೋ ತರಿಸು. ಒಪ್ಪಿದಳು.

ನನ್ನ ಲೆಕ್ಕ ಬೇರೆ. ಕಾಶಪ್ಪ ಹರೆಯದಲ್ಲಿ ನಾಲ್ಕು ವರ್ಷ ಮಹಾರಾಷ್ಟ್ರದ ಕಡೆ ಒಂದು ವೈನ್ ಕಾರ್ಖಾನೆಯಲ್ಲಿ ದುಡಿದವನು. ಚಟ ಹತ್ತಿದ್ದೇ ಅಲ್ಲಿ. ಆ ವಾಸನೆ ಬಂದರೆ ಹೊಟ್ಟೆಯೊಳಗೆ ಯಾರೋ ಬಾಗಿಲು ಬಡಿದ ಹಾಗಾಗುತ್ತದೆ ಅಂತ ಅವನೇ ಒಮ್ಮೆ ಹೇಳಿದ್ದ. ಅವನ ಮನೆ ನನ್ನ ಮೂಡಲ ಬದುವಿಗೆ ಹತ್ತಿಕೊಂಡಿದೆ. ಬೇಸಿಗೆಯಲ್ಲಿ ಮಧ್ಯಾಹ್ನದ ಮೇಲೆ ಗಾಳಿ ಪಡುವಣದಿಂದ.

ನೆಲಕ್ಕೆ ನಕಾಶೆ ಉಂಟು. ಗಾಳಿಗೆ ಯಾವ ಸರ್ವೇಯರ್ ಸರಪಳಿ ಹಿಡಿಯುತ್ತಾನೋ ನೋಡೋಣ.

28 ಫೆಬ್ರವರಿ 2023, ಮಂಗಳವಾರ

ಸಸಿ ಹಚ್ಚಿದೆವು. ಲಗಮವ್ವ ತನ್ನ ಎಂಟು ಹೆಣ್ಣಾಳುಗಳ ಗ್ಯಾಂಗು ಕಟ್ಟಿಕೊಂಡು ಬಂದಿದ್ದಳು. ಈಗ ಹಚ್ಚಿದ್ದು ಬರೀ ಕಾಡುಬೇರಿನ ಸಸಿ, ಮಳೆಗಾಲ ಮುಗಿದ ಮೇಲೆ ಇದರ ಮೇಲೆ ವೈನ್ ಜಾತಿಯ ಕಸಿ ಕಟ್ಟಬೇಕಂತೆ. ಹಣ್ಣು ಬರಲು ಎರಡು ವರ್ಷ. ಪೇಷನ್ಸ್ ಈಸ್ ಬಿಟರ್, ಬಟ್ ಇಟ್ಸ್... ಏನೋ ಸಿಹಿ ಅಂತಿದೆ ಮುಂದೆ. ಕಾಲೇಜಿನಲ್ಲಿದ್ದಾಗ ಬಾಗಲಕೋಟೆಯಲ್ಲಿ ನಾನಿದ್ದ ಓಣಿ ಈಗ ಆಣೆಕಟ್ಟಿನ ಹಿನ್ನೀರಿನ ಕೆಳಗಿದೆ. ನನ್ನ ಇಂಗ್ಲಿಷೂ ಬಹುಶಃ ಅಲ್ಲೇ ಇದೆ.

ಕಾಶಪ್ಪ ತನ್ನ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದ. ನೋಡಲಿ.

14 ಸೆಪ್ಟೆಂಬರ್ 2023, ಗುರುವಾರ

ಕಸಿ ಕಟ್ಟುವುದು ಕಲಿತೆ. ಕಡ್ಡಿಯನ್ನು ಬೆಣೆಯ ಹಾಗೆ ಎರಡೂ ಕಡೆ ಚೂಪು ಮಾಡಬೇಕು, ಬೇರಿನ ಕಾಂಡ ಸೀಳಿ ಕೂಡಿಸಬೇಕು, ತೊಗಟೆಗೆ ತೊಗಟೆ ಸರಿಯಾಗಿ ತಾಗಬೇಕು, ಆಮೇಲೆ ಪಟ್ಟಿ ಸುತ್ತಬೇಕು. ಮೊದಲ ಮೂವತ್ತು ಕೆಟ್ಟವು. ಐಶ್ವರ್ಯ ನನ್ನ ಕೈ ಹಿಡಿದು ತೋರಿಸಿದಳು. ಅವಳ ಬೆರಳು ಅವರವ್ವನ ಬೆರಳಿನ ಹಾಗೇ, ತುದಿಯಲ್ಲಿ ಚಪ್ಪಟೆ. ಮಧ್ಯಾಹ್ನದ ಹೊತ್ತಿಗೆ ಒಂದು ಸಾಲು ನಾನೊಬ್ಬನೇ ಮುಗಿಸಿದೆ. ಲಗಮವ್ವ ಬಂದು ನೋಡಿ, "ಡಿಪೋ ಸಾಹೇಬ್ರ ಕೈಯಾಗ ಸೀಟಿ ಅಷ್ಟ ಅಲ್ಲ, ಕಲಾನೂ ಐತಿ ಬಿಡ್ರಿ" ಎಂದಳು.

ಊಟ ರುಚಿಯಾಗಿತ್ತು. ಬಹಳ ದಿನದ ಮೇಲೆ.

ಕಾಶಪ್ಪನ ಬಗ್ಗೆ ಬರೆಯುವುದು ಮರೆತೆ. ಬರೆಯುತ್ತೇನೆ: ಅವನು ಹಾಳಾಗಲಿ.

20 ಜೂನ್ 2024, ಗುರುವಾರ

ಲೈಸೆನ್ಸಿಗಾಗಿ ಅಬಕಾರಿ ಆಫೀಸಿಗೆ ಓಡಾಡಿ ಚಪ್ಪಲಿ ಸವೆದಿತ್ತು. ಇವತ್ತು ಪಂಚಾಯಿತಿಯಲ್ಲಿ ತಕರಾರು ಕೇಳುವ ಸಭೆ. ಕಾಶಪ್ಪ ಏಳುತ್ತಾನೆ, ಮಠದ ಹೆಸರು ತೆಗೆಯುತ್ತಾನೆ, ಆಗ ಎಲ್ಲರ ಎದುರಿಗೆ ಅವನ ಹಳೆ ಕಥೆಯನ್ನೆಲ್ಲ ಬಿಚ್ಚುತ್ತೇನೆ ಅಂತ ನಾಲ್ಕು ದಿನದಿಂದ ಮಾತು ಹೊಂದಿಸಿಕೊಂಡಿದ್ದೆ. ಕನ್ನಡಿಯ ಮುಂದೆ ನಿಂತು ಹೇಳಿಯೂ ನೋಡಿದ್ದೆ.

ಕಾರ್ಯದರ್ಶಿ ಮೂರು ಸಲ ಕೇಳಿದ. ಎಲ್ಲರೂ ಕಾಶಪ್ಪನ ಕಡೆಗೇ ನೋಡಿದರು. ಅವನು ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. "ಅವನ ಹೊಲದಾಗ ಅವ ಏನರ ಮಾಡ್ಲಿ. ನಂದೇನೂ ತಕರಾರಿಲ್ಲ" ಎಂದ.

ಎಂಥ ಸೊಕ್ಕು. ಜಗಳಕ್ಕೂ ನಾನು ಯೋಗ್ಯನಲ್ಲ ಅಂತ ಅವನ ಲೆಕ್ಕ. ಹೊಂದಿಸಿದ ಮಾತೆಲ್ಲ ಹೊಟ್ಟೆಯಲ್ಲೇ ಉಳಿದು ಇಡೀ ದಿನ ಉರಿಯಿತು.

12 ಆಗಸ್ಟ್ 2024, ಸೋಮವಾರ

ಶೆಡ್ಡಿನ ಕೆಲಸ ಶುರು. ಇಳಕಲ್ಲಿನ ನಯೀಮ ಗುತ್ತಿಗೆ ಹಿಡಿದಿದ್ದಾನೆ. ಬಳ್ಳಿಗೆ ಕೆಂಪು ಕಲ್ಲಿನ ಕಂಬ ತಂದು ನಿಲ್ಲಿಸಿದವನೂ ಅವನೇ. ಜಾಗ ನೋಡಿ ತಲೆ ಕೆರೆದುಕೊಂಡ.

"ಸಾಹೇಬ್ರ, ಅಕಡೆ ಬೇವಿನ ನೆರಳ ಐತಲ್ರಿ. ಇಲ್ಲಿ ಬಯಲ. ವೈನ್ ತುಂಬೂ ಟಾಕಿ ಕಾಯ್ತಾವ."

"ಇಲ್ಲೇ ಆಗಬೇಕು."

"ಆತ್ರಿ. ಕಿಡಕಿ ಎಲ್ಲಿ ಇಡೂಣು?"

"ಮೂಡಲಕ್ಕ. ನಾಲ್ಕೂ."

"ನಾಲ್ಕೂ ಒಂದ ಕಡೆ? ಕಾಶಪ್ಪ ಸಾಹುಕಾರ್ರ ಕಟ್ಟಿ ಕಾಣತೈತಿ ಅಷ್ಟ, ಬ್ಯಾರೆ ಏನ್ ಐತ್ರಿ ನೋಡಾಕ?"

"ಅದನ್ನ ನೋಡಬೇಕಾಗೇತಿ" ಎಂದೆ. ನಯೀಮ ನಕ್ಕ. ಅಣ್ಣತಮ್ಮಂದಿರ ಪ್ರೀತಿ ಅಂದುಕೊಂಡಿರಬೇಕು. ಮೂಡಲ ಬಿಸಿಲು ಟಾಕಿಗೆ ಹೊಡೆಯುತ್ತದೆ ಅಂತ ಐಶ್ವರ್ಯಳೂ ಫೋನಿನಲ್ಲಿ ಕೂಗಾಡಿದಳು. ಹೂಂ ಹೂಂ ಅಂದು ಇಟ್ಟುಬಿಟ್ಟೆ.

16 ಮಾರ್ಚ್ 2025, ರವಿವಾರ

ಕೊಯ್ಲು. ಇದನ್ನು ಹೇಗೆ ಬರೆಯಲಿ.

ನಸುಕಿನ ತಂಪಿನಲ್ಲೇ ಹಣ್ಣು ಇಳಿಸಬೇಕು ಅಂದಿದ್ದಳು ಐಶ್ವರ್ಯ. ಹೊತ್ತು ಮೂಡುವ ಮೊದಲೇ ಲಗಮವ್ವನ ಗ್ಯಾಂಗು ಸಾಲಿಗೆ ಇಳಿಯಿತು. ಸಣ್ಣ ಸಣ್ಣ ಕಪ್ಪು ಹಣ್ಣು, ಮೇಲೆ ಬೂದಿ ಸವರಿದ ಹಾಗೆ. ನೋಡಿದರೆ ನೇರಳೆಹಣ್ಣಿನ ತಮ್ಮಂದಿರು. ಲಗಮವ್ವ ಎರಡು ಕ್ರೇಟು ತುಂಬಿದವಳೇ, "ಸೋಡಾ ನೀರು ಎಲ್ಲೈತ್ರಿ, ಅದ್ದೂಣು" ಎಂದಳು. ವರ್ಷಾನುಗಟ್ಟಲೆ ಒಣದ್ರಾಕ್ಷಿ ಶೆಡ್ಡಿನಲ್ಲಿ ದುಡಿದ ಕೈ, ಕೊಯ್ದ ಹಣ್ಣನ್ನು ಅದ್ದಲೇಬೇಕು. "ಅದ್ದೂದಿಲ್ಲ ಯವ್ವಾ, ತೊಳೆಯೂದೂ ಇಲ್ಲ" ಎಂದು ಐಶ್ವರ್ಯ ಹೇಳಿದರೆ ಅವಳ ಮುಖವನ್ನೇ ನೋಡಿದಳು. "ಓದಿದವರ ಹೊಲಸು ಬ್ಯಾರೆನ ಇರ್ತೈತಿ ಬಿಡವ್ವಾ" ಅಂದಳು.

ದ್ರಾಕ್ಷಿ ಒಡೆಯುವ ಯಂತ್ರ, ಎರಡು ಸ್ಟೀಲಿನ ಟಾಕಿ. ಹಣ್ಣು, ರಸ, ಸಿಪ್ಪೆ ಎಲ್ಲ ಒಳಗೆ ಹೋಯಿತು. ಹೊತ್ತು ಇಳಿಯುವಾಗ ಐಶ್ವರ್ಯ ಟಾಕಿಗೆ ಒರಗಿ ನಿಂತು ಅತ್ತಳು. "ಅವ್ವ ಇರಬೇಕಾಗಿತ್ತು" ಎಂದಳು. ನಾನು ಬೆನ್ನು ತಟ್ಟಿದೆ. ಕಿಟಕಿ ನಾಲ್ಕೂ ತೆರೆದೆ.

20 ಮಾರ್ಚ್ 2025, ಗುರುವಾರ

ಕುದಿಯುತ್ತಿದೆ. ಉರಿ ಇಲ್ಲದೆ ಕುದಿಯುತ್ತಿದೆ. ಕಿವಿ ಇಟ್ಟರೆ ದೂರದ ಜಾತ್ರೆಯ ಗದ್ದಲದ ಹಾಗೆ ಕೇಳುತ್ತದೆ. ವಾಸನೆಯೋ, ಮೂಗಿಗೆ ಬಂದು ಹೊಡೆಯುತ್ತದೆ.

ಸಂಜೆ ಐದಕ್ಕೆ ಗಾಳಿ ಎದ್ದಿತು. ಕಟ್ಟೆಯ ಮೇಲೆ ಕಾಶಪ್ಪ ಪುಸ್ತಕ ಓದುತ್ತಿದ್ದ. ಓದುವುದು ನಿಲ್ಲಿಸಿದ. ಮುಖ ಮೇಲೆತ್ತಿದ, ಎತ್ತು ಮಳೆಯ ವಾಸನೆಗೆ ಎತ್ತುತ್ತದಲ್ಲ, ಹಾಗೆ. ಎದ್ದು ಒಳಗೆ ಹೋದ. ಹತ್ತು ನಿಮಿಷಕ್ಕೆ ಮತ್ತೆ ಬಂದು ಕೂತ. ಮತ್ತೆ ಒಳಗೆ ಹೋದ. ನಾನು ಕಿಟಕಿಯಲ್ಲಿ ನಿಂತು ಎಣಿಸಿದೆ. ಆರು ಸಲ.

ಡಿಪೋದಲ್ಲಿ ಬಸ್ಸು ಟೈಮಿಗೆ ಸರಿಯಾಗಿ ಬಂದಾಗ ಆಗುತ್ತಿತ್ತಲ್ಲ, ಆ ಸಮಾಧಾನ.

24 ಮಾರ್ಚ್ 2025, ಸೋಮವಾರ

ಇಂದ್ರಾಬಾಯಿ ವೈನಿ ಬಂದಿದ್ದರು. ಕಾಶಪ್ಪನ ಹೆಂಡತಿ, ನನಗೆ ಅತ್ತಿಗೆ. ಆ ದಿನದಿಂದ ಈಚೆಗೆ ನನ್ನ ಅಂಗಳಕ್ಕೆ ಕಾಲಿಟ್ಟಿದ್ದು ಇವತ್ತೇ. ಕುಳಿತುಕೊಳ್ಳಲಿಲ್ಲ.

"ನೀಲಪ್ಪ, ಕಿಡಕಿ ಮುಚ್ಚು. ನಿನ್ನ ಅಣ್ಣ ಉಣವಲ್ಲ. ಬಾಯಾಗ ಲವಂಗ ಇಟ್ಕೊಂಡು ಅಂಗಳ ತುಂಬ ತಿರಗ್ತಾನ. ನಾಕ ದಿನ ಮಗಳ ಮನಿಗೆ ಹೋಗೂಣು ಅಂದ್ರ, ಅಲ್ಲಿ ಹೋದ್ರ ಓಡಿ ಹೋದಂಗ ಆಗ್ತೈತಿ ಅಂತಾನ."

"ನಾನೇನ್ ಮಾಡಲಿ ವೈನಿ? ಗಾಳಿ ನನ್ನ ಮಾತು ಕೇಳ್ತೈತೇನು?"

"ಇಪ್ಪತ್ತೆರಡು ವರ್ಷದ ಆಣಿ ಐತಿ. ನಿನ್ನ ಹೇಂತಿ ಮಾಡ್ಸಿದ್ದು."

ಅವಳ ಮಾತನ್ನು ಅವರು ತೆಗೆಯಬಾರದಿತ್ತು. "ಹೌದಲ್ರಿ. ಆಕಿನ್ನ ಒಂದೂವರೆ ತಾಸು ಬಿಸಲಾಗ ಕುಂದ್ರಿಸಿದ್ದು ಯಾರು? ಹೋಗ್ರಿ, ನಕಾಶೆ ತರ್ರಿ. ಗಾಳಿ ಎಷ್ಟ ಫೂಟ ನಿಮ್ಮ ಹೊಲದಾಗ ಬಂದೈತಿ ಅಳತಿ ಮಾಡಿಸಿ ತೋರಸ್ರಿ. ಅಷ್ಟ ಹಿಂದಕ್ಕ ತಗೋತೇನಿ."

ವೈನಿ ಸೆರಗಿನಿಂದ ಮುಖ ಒರೆಸಿಕೊಂಡರು. "ನೀ ಹಿಂಗ ಇದ್ದಿಲ್ಲ" ಎಂದು ಹೋದರು.

ಬಹಳ ಚೆನ್ನಾಗಿ ಹೇಳಿದೆ ಅಂತ ಈಗಲೂ ಅನಿಸುತ್ತದೆ. ಎರಡು ವರ್ಷದಿಂದ ಹೊಟ್ಟೆಯಲ್ಲಿದ್ದ ಮಾತು.

ರೊಟ್ಟಿ ಮಾಡಲು ಬೇಸರವಾಯಿತು. ಅವಲಕ್ಕಿ ತಿಂದೆ.

6 ಏಪ್ರಿಲ್ 2025, ರವಿವಾರ

ಸಿಪ್ಪೆ ಹಿಂಡಿ ತೆಗೆದು ರಸವನ್ನು ಮತ್ತೆ ಟಾಕಿಗೆ ಹಾಕಿದೆವು. ಒಂದನೆಯದು ಕುತ್ತಿಗೆಯವರೆಗೆ ತುಂಬಿತು, ಎರಡನೆಯದು ಮುಕ್ಕಾಲು. ಐಶ್ವರ್ಯಳಿಗೆ ಮುಂದಿನ ಎರಡು ವಾರ ಧಾರವಾಡದಲ್ಲಿ ಇಲಾಖೆಯ ತರಬೇತಿ, ಬರಲಾಗುವುದಿಲ್ಲ. ಮೀಟರು ನೋಡಿ ದಿನಾ ಫೋನು ಮಾಡು ಎಂದಳು. ಹೋಗುವಾಗ ಒಂದು ಮಾತು: "ಅಪ್ಪಾ, ಯಾರರ ಒಬ್ಬರು ರುಚಿ ನೋಡಬೇಕು. ಮೀಟರ್ ಎಲ್ಲಾ ಹೇಳೂದಿಲ್ಲ."

"ಶರತ್ತು ಶರತ್ತ."

ಆದರೂ ಊರ ಹುಲ್ಲಪ್ಪನನ್ನು ಗೊತ್ತು ಮಾಡಿದೆ. ಮಂದಿ ಎಮ್ಮೆ ಕಾಯುತ್ತಾನೆ, ಸಿಕ್ಕಿದ್ದು ಕುಡಿಯುತ್ತಾನೆ. ದಿನಾ ಒಂದೊಂದು ಟಾಕಿಯಿಂದ ಒಂದೊಂದು ಗ್ಲಾಸು, ರುಚಿ ನೋಡಿ ಹೇಳುವುದು ಅವನ ಕೆಲಸ. ಇವತ್ತು ಮೊದಲ ದಿನ, ನನ್ನೆದುರಿಗೇ ಕುಡಿದ.

"ಒಂದನೇದು ಹೆಂಗೈತಿ?"

"ಭೇಷ್ ಐತ್ರಿ ಸಾಹುಕಾರ್ರ."

"ಎರಡನೇದು?"

"ಅದೂ ಭೇಷ್ ಐತ್ರಿ."

"ಎರಡಕ್ಕೂ ಏನ್ ಫರಕ್?"

ವಿಚಾರ ಮಾಡಿದ. "ಎರಡನೇದು ಕುಡಿಯೂಮುಂದ ಒಂದನೇದು ಹೊಟ್ಟ್ಯಾಗ ಇತ್ರಿ."

ನೀವು ಎದುರಿಗೆ ನಿಂತರೆ ನನಗೆ ನಾಚಿಕೆ, ಶೆಡ್ಡಿನ ಹಿಂದೆ ಹೋಗಿ ಕುಡಿಯುತ್ತೇನೆ ಅಂದ. ಹೋಗು ಅಂದೆ. ಲಿಂಗ ಕಟ್ಟಿದವನ ಎದುರಿಗೆ ಕುಡಿಯಲು ನಾಚುತ್ತಾನಲ್ಲ, ಅವನೇ ಮೇಲು.

13 ಏಪ್ರಿಲ್ 2025, ರವಿವಾರ

ಹುಲ್ಲಪ್ಪನ ವರದಿ: ಭೇಷ್.

ಕಾಶಪ್ಪ ಈಗ ಕಟ್ಟೆಯ ಮೇಲೆ ಕೂರುವುದಿಲ್ಲ. ಓಡಿಹೋದನೋ ಏನೋ. ಸಂಜೆ ಕಿಟಕಿಯಲ್ಲಿ ನಿಂತರೆ ನೋಡಲು ಏನೂ ಇಲ್ಲ. ಎರಡನೇ ಟಾಕಿಯ ವಾಸನೆ ಜೋರಾಗಿದೆ, ಕಣ್ಣಿಗೆ ಹತ್ತುತ್ತದೆ. ಕಡಕ್ ಆಗುತ್ತಿದೆ ಅಂತ ತೋರುತ್ತದೆ. ಒಳ್ಳೆಯದೇ.

17 ಏಪ್ರಿಲ್ 2025, ಗುರುವಾರ

ಬೆಳಿಗ್ಗೆ ಹತ್ತಕ್ಕೆ ಕಾಶಪ್ಪ ಬಂದ. ಬದು ದಾಟಿ, ಸೀದಾ ಶೆಡ್ಡಿನ ಬಾಗಿಲಿಗೆ. ಒಳಗೆ ಬರಲಿಲ್ಲ, ಚೌಕಟ್ಟು ಹಿಡಿದು ನಿಂತ. ಸೊರಗಿದ್ದ. ಗಡ್ಡ ಬಿಟ್ಟಿದ್ದ.

"ನೀಲ್ಯಾ, ನಿನ್ನ ಎರಡನೇ ಟಾಕಿ ಕೆಟ್ಟೈತಿ."

"ನಿನ್ನ ಬಾಯಾಗ ಛಲೋ ಮಾತು ಯಾವಾಗ ಬಂದೈತಿ?"

"ಬೈಯೂದು ಆಮ್ಯಾಲ ಬೈ. ಟಾಕಿ ಪೂರಾ ತುಂಬಿಲ್ಲ ಹೌದಲ್ಲೋ? ಮ್ಯಾಲ ಖಾಲಿ ಬಿಟ್ಟೀರಿ. ಗಾಳಿ ಹೊಕ್ಕು ಹುಳಿ ಹಿಡದೈತಿ. ಶನಿವಾರದಿಂದ ತಿರಗೈತಿ ಅದು. ಅದರ ಪೈಪು, ಬಕೆಟ್ಟು ಒಂದನೇದಕ್ಕ ಮುಟ್ಟಸಬ್ಯಾಡ. ಒಂದನೇದು ಬಂಗಾರದಂಗ ಐತಿ. ಅದನ್ನರ ಉಳಿಸಿಕೋ."

ಮೀಟರು ಸರಿಯಾಗಿಯೇ ತೋರಿಸುತ್ತಿತ್ತು. ಹುಲ್ಲಪ್ಪ ಭೇಷ್ ಅಂದಿದ್ದ. ಇವನಿಗೆ ನಲವತ್ತು ಫೂಟು ದೂರದಿಂದ ಶನಿವಾರ ಅಂತ ವಾರದ ಸಮೇತ ಹೇಗೆ ಗೊತ್ತು? ಅದನ್ನೇ ಕೇಳಿದೆ.

ಅವನು ಚೌಕಟ್ಟನ್ನೇ ನೋಡಿದ. "ಹುಲ್ಲಪ್ಪ ದಿನಾ ಎರಡು ಗ್ಲಾಸು ನನಗ ತಂದು ಕೊಡ್ತಾನ. ನಾನ ಕೇಳೇನಿ, ಅವಂದೇನು ತಪ್ಪಿಲ್ಲ. ಹನ್ನೊಂದು ದಿವ್ಸ ಆತು."

ಹೊರಗೆ ಲಗಮವ್ವ ಬಳ್ಳಿಗಳ ನಡುವೆ ಯಾರನ್ನೋ ಬೈಯುತ್ತಿದ್ದುದು ಕೇಳುತ್ತಿತ್ತು.

"ಸುಮ್ಮನ ಇದ್ದರ ನಿನಗ ಗೊತ್ತಾಗ್ತಿದ್ದಿಲ್ಲ" ಎಂದ ಕಾಶಪ್ಪ. "ಆದ್ರ ಒಂದನೇದೂ ಹೋಗಿಬಿಡ್ತಿತ್ತು. ಆ ಹುಡುಗಿ ಎರಡು ವರ್ಷ ದುಡದಾಳ."

ಹೋದ. ಬದು ದಾಟುವಾಗ ಒಮ್ಮೆ ಕಾಲು ಜಾರಿತು.

ನಾನು ಗೆದ್ದೆ. ಕೆಲಸ ಆಯಿತು, ನಾನು ಅಂದುಕೊಂಡದ್ದಕ್ಕಿಂತ ಮೊದಲೇ. ಈ ದಿನ ಬಂದರೆ ಇಡೀ ಓಣಿಗೆ ಪೇಢೆ ಹಂಚಬೇಕು ಅಂದುಕೊಂಡಿದ್ದೆ. ಹುನಗುಂದಕ್ಕೆ ಯಾರು ಹೋಗುತ್ತಾರೆ ಈ ಬಿಸಿಲಿನಲ್ಲಿ. ಊಟ ಮಾಡಲಿಲ್ಲ. ಬಿಸಿಲಿಗೇ ಇರಬೇಕು.

18 ಏಪ್ರಿಲ್ 2025, ಶುಕ್ರವಾರ

ಹುಲ್ಲಪ್ಪನನ್ನು ಕೆಲಸದಿಂದ ಬಿಡಿಸಿದೆ. ಸುದ್ದಿ ಕೇಳಿ ಐಶ್ವರ್ಯ ತರಬೇತಿ ಅರ್ಧಕ್ಕೇ ಬಿಟ್ಟು ಬಂದಳು. ಎರಡನೇ ಟಾಕಿಯ ಮುಚ್ಚಳ ತೆಗೆದು ಮೂಗು ಹಿಡಿದಳು. ಹೌದು, ಹುಳಿ.

"ಯಾರು ಹೇಳಿದ್ರು ನಿನಗ?"

"ಮೀಟರು" ಎಂದೆ.

30 ಏಪ್ರಿಲ್ 2025, ಬುಧವಾರ

ಬಸವ ಜಯಂತಿ. ಮಠದಲ್ಲಿ ವರ್ಷವೂ ಈ ದಿನ ಕುಡಿತ ಬಿಡುವವರಿಗೆ ಕಾಶಪ್ಪನೇ ಆಣೆ ಮಾಡಿಸುವುದು. ಈ ಸಲ ಅದೇ ನಾಲಿಗೆಯಿಂದ ಹೇಗೆ ಮಾಡಿಸುತ್ತಾನೋ ನೋಡಬೇಕು ಅಂತಲೇ ಹೋದೆ. ಅವನ ಮುಖ ಸರಿಯಾಗಿ ಕಾಣಲಿ ಎಂದು ಮುಂದಿನ ಸಾಲಿನಲ್ಲಿ ಕೂತೆ. ಪಕ್ಕದಲ್ಲಿ ಐಶ್ವರ್ಯ. ಹಿಂದೆ ಲಗಮವ್ವ ಮತ್ತು ಅವಳ ಗ್ಯಾಂಗು.

ಏಳು ಜನ ಆಣೆಗೆ ಎದ್ದು ನಿಂತಿದ್ದರು. ಕಾಶಪ್ಪ ಮೈಕಿನ ಹತ್ತಿರ ಬಂದ. "ನನ್ನ ಮುಂದ ಯಾರೂ ಆಣಿ ಮಾಡಬ್ಯಾಡ್ರಿ. ನಾ ಈ ತಿಂಗಳ ಹನ್ನೊಂದು ದಿವ್ಸ ಕುಡದೇನಿ. ಈ ಖುರ್ಚಿ ಬ್ಯಾರೆಯವರಿಗೆ ಕೊಡ್ರಿ" ಎಂದು ಹೆಗಲ ಮೇಲಿನ ಶಾಲು ತೆಗೆದು ಅಜ್ಜಾರ ಪಾದದ ಹತ್ತಿರ ಇಟ್ಟ.

ಇಂದ್ರಾಬಾಯಿ ವೈನಿ ತಲೆ ತಗ್ಗಿಸಿ ಕೂತಿದ್ದರು.

ಅಜ್ಜಾರು ಮೆಲ್ಲಗೆ ಕೇಳಿದರು, "ಯಾರು ಕೊಟ್ರಪ್ಪಾ ನಿನಗ?"

"ಯಾರೂ ಕೊಟ್ಟಿಲ್ರಿ ಅಜ್ಜಾರ. ನನ್ನ ಕೈ, ನನ್ನ ನಾಲಿಗಿ."

ಅಲ್ಲಿ ನನಗೆ ತಡೆಯಲಿಲ್ಲ. ಎರಡು ವರ್ಷ, ಎರಡೆಕರೆ, ನಾಲ್ಕು ಕಿಟಕಿ, ಇಷ್ಟೆಲ್ಲ ನಾನು ಮಾಡಿದ್ದು, ಇವನು ನಿಂತು ಯಾರೂ ಇಲ್ಲ ಅಂತ ಹೇಳುತ್ತಾನೆ. ಕೊನೆಗೆ ನನ್ನ ಸೇಡನ್ನೂ ಇವನೇ ತನ್ನ ಹೆಸರಿಗೆ ಬರೆಸಿಕೊಳ್ಳುವುದೆ? ಸತ್ಯವಂತ ಅನ್ನಿಸಿಕೊಂಡು ದೊಡ್ಡವನಾಗುವುದೆ? ಎದ್ದು ನಿಂತೆ.

"ಸುಳ್ಳ ಹೇಳ್ತಾನ್ರಿ. ಕುಡಿಸಿದಾಂವ ನಾನು."

ಎಲ್ಲ ಹೇಳಿದೆ. ಗಾಳಿಯ ದಿಕ್ಕು ನೋಡಿ ಶೆಡ್ಡು ಕಟ್ಟಿಸಿದ್ದು, ಕಿಟಕಿ, ವೈನಿ ಬಂದು ಬೇಡಿಕೊಂಡದ್ದು, ನಾನು ನಕಾಶೆ ಕೇಳಿದ್ದು. ಮಧ್ಯದಲ್ಲಿ ಇಂಗ್ಲಿಷೂ ಬಂತು, ಐ ಆಮ್ ದಿ ರೆಸ್ಪಾನ್ಸಿಬಲ್ ಅಂತ ಎರಡು ಸಲ ಅಂದೆನಂತೆ. ಹಿಂದಿನಿಂದ ಲಗಮವ್ವ, "ಅಯ್ಯ ಯವ್ವಾ, ಮಂದಿ ಬಾಟ್ಲಿ ಕೊಟ್ಟು ಕೆಡಸ್ತಾರ, ಇಂವ ಕಿಡಕಿ ಇಟ್ಟು ಕೆಡಸ್ಯಾನ" ಎಂದದ್ದು ಎಲ್ಲರಿಗೂ ಕೇಳಿಸಿತು. ಯಾರೋ ನಕ್ಕರು. ಕಾಶಪ್ಪ ಮಾತ್ರ ನನ್ನ ಕಡೆ ಬಾಯಿ ತೆರೆದು ನೋಡುತ್ತಿದ್ದ.

ಅಜ್ಜಾರು ಇಬ್ಬರನ್ನೂ ನೋಡಿದರು. ಬೈಯುತ್ತಾರೆ ಅಂದುಕೊಂಡೆ. "ಹೊತ್ತಾತು, ಮಂದಿ ಹಸದಾರ. ಇಬ್ಬರೂ ಹೋಗಿ ಪಂಕ್ತಿಗೆ ಎಲಿ ಹಾಸ್ರಿ" ಎಂದರು.

ಆರುನೂರು ಎಲೆ. ಅವನು ಆ ತುದಿಯಿಂದ, ನಾನು ಈ ತುದಿಯಿಂದ. ನಡುವೆ ಸೇರಿದಾಗ ಅವನೇ ಬಾಯಿ ಬಿಟ್ಟ. "ಅವತ್ತ ತಂದ ನಕಾಶೆ ಖರೆ ಇತ್ತು ನೀಲ್ಯಾ. ಸುಳ್ಳ ಇದ್ದಿದ್ರ ಎಂದೋ ಕಾಲ ಹಿಡದು ಮುಗಸ್ತಿದ್ದೆ. ಖರೆ ಇದ್ದದ್ದಕ್ಕ ಸುಡಾಕತ್ತೈತಿ."

"ಎಲಿ ಉಲ್ಟಾ ಹಾಕೀದಿ. ತಿರಗಸಿ ಹಾಕು" ಎಂದೆ.

ಮನೆಯವರೆಗೂ ಐಶ್ವರ್ಯ ನನಗಿಂತ ಹತ್ತು ಹೆಜ್ಜೆ ಮುಂದೆ ನಡೆದಳು. ಬಾಗಿಲ ಹತ್ತಿರ ನಿಂತು, "ನನ್ನ ಸಲುವಾಗಿ ಮಾಡೀದಿ ಅಂತ ತಿಳಕೊಂಡಿದ್ದೆ, ಅಪ್ಪಾ" ಎಂದಳು. ಆಮೇಲೆ ಅವಳೇ ನಯೀಮನಿಗೆ ಫೋನು ಹಚ್ಚಿ, ಕಿಟಕಿ ಕಟ್ಟಿ ಮುಚ್ಚಲು ಇಟ್ಟಂಗಿ ತಗೊಂಡು ಬಾ ಎಂದಳು. ಟಾಕಿಗೆ ಬಿಸಿಲು ಹೊಡೆಯುತ್ತದೆ, ಅದಕ್ಕೆ.

2 ಮೇ 2025, ಶುಕ್ರವಾರ

ಒಂದನೇ ಟಾಕಿಯನ್ನು ಬಾಟಲಿಗೆ ಇಳಿಸುವವರೆಗೆ ದಿನಾ ರುಚಿ ನೋಡಲೇಬೇಕು ಎಂದಳು ಐಶ್ವರ್ಯ. ನಾನು ನೋಡುತ್ತೇನೆ ಅಂದಳು. ಬೇಡ ಅಂದೆ. ನಮ್ಮಲ್ಲಿ ರುಚಿ ಗೊತ್ತಿರುವ ನಾಲಿಗೆ ಕಾಶಪ್ಪನದೊಂದೇ, ಅದನ್ನು ಮುಟ್ಟಿಸುವ ಹಾಗಿಲ್ಲ. ಅವನ ಮೇಲಿನ ಪ್ರೀತಿಯಿಂದಲ್ಲ. ಅವನ ಉಪಕಾರ ನನಗೆ ಬೇಡ, ಅಷ್ಟೆ.

ಸ್ನಾನ ಮಾಡಿ ಪೂಜೆ ಮುಗಿಸಿ, ಲಿಂಗವನ್ನು ಅಂಗೈಯಲ್ಲಿ ಹಿಡಿದು ಕ್ಷಮೆ ಕೇಳಿ ಕಟ್ಟಿಕೊಂಡೆ. ಒಂದು ಚಮಚೆಯಷ್ಟು ಬಾಯಿಗೆ ಹಾಕಿಕೊಂಡೆ. ಅರವತ್ಮೂರು ವರ್ಷಕ್ಕೆ ಮೊದಲ ಸಲ. ಉಗುಳಿದೆ. ಕೆಟ್ಟದ್ದೋ ಒಳ್ಳೆಯದೋ ಒಂದೂ ತಿಳಿಯಲಿಲ್ಲ.

ಬದುವಿನ ಆಚೆ ಕಾಶಪ್ಪ ನಿಂತಿದ್ದ. ಎಷ್ಟು ಹೊತ್ತಿನಿಂದಲೋ.

"ಹೆಂಗೈತಿ?"

"ನಿನಗ್ಯಾಕ?"

"ಹೇಳಲೇ."

"ಒಗರ ಐತಿ."

"ಒಗರು ಎಲ್ಲಿ ಹಿಡಿತು? ನಾಲಿಗಿಗೋ, ಒಸಡಿಗೋ?"

ಮತ್ತೆ ಒಂದು ಚಮಚೆ. "ಒಸಡಿಗೆ."

"ಛಲೋ. ಮೂಗಿನಾಗ ಚುಚ್ಚತೈತೇನು, ಬಣ್ಣದ ಡಬ್ಬಿ ತಗದಂಗ?"

"ಇಲ್ಲ."

"ಉಗುಳಿದ ಮ್ಯಾಲ ಏನ್ ಉಳೀತು ಬಾಯಾಗ?"

ನಿಂತು ವಿಚಾರ ಮಾಡಿದೆ. ಅವನು ಕಾಯ್ದ. "ಮೆಣಸು. ಕರಿ ಮೆಣಸು ಜಗದಂಗ."

ಕಾಶಪ್ಪ ಬದುವಿನ ಮೇಲೆ ಕೂತುಬಿಟ್ಟ. "ಹಂಗಾರ ಬದುಕೈತಿ" ಎಂದ. ಮತ್ತೆ ಏನೂ ಕೇಳಲಿಲ್ಲ, ಹೋಗಲೂ ಇಲ್ಲ.

ಅವನನ್ನು ನಾನು ಕ್ಷಮಿಸಿಲ್ಲ. ಇಲ್ಲಿ ಬರೆದಿಟ್ಟಿರುತ್ತೇನೆ, ನಾಳೆ ಗೊಂದಲ ಬೇಡ. ನಾಳೆ ಬೆಳಿಗ್ಗೆ ಎಂಟಕ್ಕೆ ಬಾ ಅಂತ ಹೇಳಿದ್ದೇನೆ, ದೂರವೇ ಕೂತು ಕೇಳಲಿ. ರೊಟ್ಟಿ ತಿಂದು ಬಾ ಅಂತಲೂ ಹೇಳಿದೆ. ಖಾಲಿ ಹೊಟ್ಟೆಗೆ ಆ ವಾಸನೆ ತಡೆಯುವುದು ಕಷ್ಟ.